ರೂಟರ್‌ನಿಂದ ನೇರ ಮೋಡೆಮ್‌ಗೆ, ಅಲ್ಲಿಂದ ಮತ್ತೆ ರೂಟರ್‌ಗೆ: ಕಂಪ್ಯೂಟರ್ ಕನೆಕ್ಷನ್ ಬದಲಿಸುವ ಸರಿಯಾದ ಕ್ರಮ

ಇಂಟರ್ನೆಟ್ ನಿಧಾನ ಎಂದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ‘ರೂಟರ್ ತೆಗೆದು, ಕಂಪ್ಯೂಟರನ್ನು ನೇರವಾಗಿ ಮೋಡೆಮ್‌ಗೆ ಹಾಕಿ ನೋಡಿದ್ರಾ?’ ಕೇಳಿಸಿಕೊಳ್ಳುವ ನಮಗೆ ಇದು ಜಾರಿಕೊಳ್ಳುವ ಮಾತು ಅನ್ನಿಸಬಹುದು. ಆದರೆ ಪ್ರಶ್ನೆಯಲ್ಲಿ ತಿರುಳಿದೆ. ರೂಟರ್ ಇಲ್ಲದೆಯೂ ವೇಗ ಬರದಿದ್ದರೆ ತೊಂದರೆ ಲೈನ್‌ನಲ್ಲೋ ಮೋಡೆಮ್‌ನಲ್ಲೋ ಇದೆ. ವೇಗ ಬಂದುಬಿಟ್ಟರೆ ರೂಟರನ್ನು ನೋಡಬೇಕು. ಇಷ್ಟು ಗೊತ್ತಾದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಕೇಬಲ್ ಕಿತ್ತು ಇನ್ನೊಂದು ಕಡೆ ಚುಚ್ಚುವುದು ಒಂದು ನಿಮಿಷದ ಕೆಲಸ. ಹಾಗೆ ಚುಚ್ಚಿದ ಮೇಲೆ ಇಂಟರ್ನೆಟ್ ಬರುವುದಿಲ್ಲ ಅನ್ನುವುದೇ ಎಲ್ಲರ ಗೋಳು. ಹೆಚ್ಚಿನ ಸಲ ಏನೂ ಕೆಟ್ಟಿರುವುದಿಲ್ಲ. ಮೋಡೆಮ್ ಇನ್ನೂ ಹಳೆಯ ರೂಟರನ್ನೇ ನೆನಪಿಟ್ಟುಕೊಂಡಿರುತ್ತದೆ. ಕಂಪ್ಯೂಟರ್ ಕೂಡ ಹಳೆಯ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಐಪಿ ಎಂಬ ಅಂಕಿ), ಹಳೆಯ ಸೆಟ್ಟಿಂಗ್‌ಗಳನ್ನು ಬಿಡದೆ ಹಿಡಿದಿರುತ್ತದೆ. ಈ ಎರಡೂ ಹಳೆಯದನ್ನು ಮರೆಯುವಂತೆ ಮಾಡುವುದೇ ನಿಜವಾದ ಕೆಲಸ. ಕೆಳಗಿನ ಕ್ರಮವೆಲ್ಲ ಅದಕ್ಕಾಗಿಯೇ ಇದೆ.

ನಿಮ್ಮ ಪೆಟ್ಟಿಗೆ ಯಾವುದು ಅಂತ ಮೊದಲು ನೋಡಿ

ಮೋಡೆಮ್ ಹೊರಗಿನ ಲೈನ್‌ನ ಸಿಗ್ನಲ್ಲನ್ನು ಈಥರ್ನೆಟ್‌ಗೆ, ಅಂದರೆ ಕಂಪ್ಯೂಟರ್‌ಗೆ ಅರ್ಥವಾಗುವ ತಂತಿಯ ಕನೆಕ್ಷನ್ನಿಗೆ ಬದಲಿಸುತ್ತದೆ. ಆ ಲೈನ್ ಟಿವಿ ಕೇಬಲ್, ಫೋನ್ ತಂತಿ, ಫೈಬರ್ ಯಾವುದೂ ಆಗಿರಬಹುದು. ಫೈಬರ್ ಆದರೆ ಆ ಪೆಟ್ಟಿಗೆಗೆ ಓಎನ್‌ಟಿ ಎನ್ನುತ್ತಾರೆ, ಕೆಲಸ ಅದೇ. ರೂಟರ್ ಆ ಒಂದೇ ಕನೆಕ್ಷನ್ನನ್ನು ಮನೆಯ ಎಲ್ಲ ಸಾಧನಗಳಿಗೆ ಹಂಚುತ್ತದೆ. ಒಳಗಿನ ವಿಳಾಸ ಕೊಡುವುದು, ವೈಫೈ ಹರಡುವುದು, ಹೊರಗಿನಿಂದ ಕರೆಯದೇ ಬರುವ ಟ್ರಾಫಿಕ್ ತಡೆಯುವುದು ಎಲ್ಲ ಅದರದ್ದೇ.

ತೊಡಕು ಏನೆಂದರೆ, ಬಹಳ ಮನೆಗಳಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಹೊರಗಿನ ಲೈನ್ ಬಂದು ಸೇರುವ ಪೆಟ್ಟಿಗೆಯೇ ವೈಫೈ ಕೊಡುತ್ತಿದ್ದರೆ, ಅದರ ಹಿಂದೆ ಮೂರು ನಾಲ್ಕು ಲ್ಯಾನ್ ಪೋರ್ಟ್‌ಗಳಿದ್ದರೆ (ಮನೆಯ ಸಾಧನಗಳಿಗೆ ಕೇಬಲ್ ಹಾಕುವ ತೂತುಗಳು), ಅದು ಮೋಡೆಮ್ ಮತ್ತು ರೂಟರ್ ಎರಡೂ ಹೌದು. ಅದಕ್ಕೆ ಕೇಬಲ್ ಹಾಕಿದರೂ ನೀವು ‘ನೇರ’ ಆಗುವುದಿಲ್ಲ, ರೂಟರ್‌ನ ಹಿಂದೆಯೇ ಇರುತ್ತೀರಿ. ವೈಫೈ ಬಿಟ್ಟು ತಂತಿಯಲ್ಲಿ ವೇಗ ನೋಡುವುದಷ್ಟೇ ಉದ್ದೇಶವಾದರೆ ಇದೇ ಸಾಕು, ಕಂಪ್ಯೂಟರನ್ನು ಲ್ಯಾನ್ ಪೋರ್ಟ್‌ಗೆ ಹಾಕಿ ಮುಂದುವರಿಯಿರಿ. ರೂಟರ್ ಭಾಗವನ್ನೇ ಪಕ್ಕಕ್ಕಿಡಬೇಕು ಅಂತಿದ್ದರೆ ಆ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ‘ಬ್ರಿಡ್ಜ್ ಮೋಡ್’ ಹುಡುಕಿ. ಅದನ್ನು ಆನ್ ಮಾಡಿದರೆ ಸಾಮಾನ್ಯವಾಗಿ ಅದರ ವೈಫೈ ಕೂಡ ನಿಲ್ಲುತ್ತದೆ. ಕೆಲವು ಇಂಟರ್ನೆಟ್ ಕಂಪನಿಗಳು ಈ ಸೆಟ್ಟಿಂಗ್‌ಗೆ ಬೀಗ ಹಾಕಿರುತ್ತವೆ, ಆಗ ಅವರಿಂದಲೇ ಮಾಡಿಸಬೇಕು.

ಬಿಚ್ಚುವ ಮೊದಲು ಬರೆದಿಟ್ಟುಕೊಳ್ಳಿ

ಹೆಚ್ಚು ಜನ ಹಾರಿಸುವುದು ಇದನ್ನೇ, ಆಮೇಲೆ ಒದ್ದಾಡುವುದೂ ಇದಕ್ಕೇ. ಇಂಟರ್ನೆಟ್ ಇರುವಾಗಲೇ ರೂಟರ್‌ನ ಸೆಟ್ಟಿಂಗ್ ಪುಟ ತೆರೆಯಿರಿ. ವಿಳಾಸ ಸಾಮಾನ್ಯವಾಗಿ 192.168.0.1 ಅಥವಾ 192.168.1.1 ಇರುತ್ತದೆ, ರೂಟರ್‌ನ ತಳದ ಸ್ಟಿಕ್ಕರ್ ನೋಡಿದರೆ ಖಚಿತ. ಅಲ್ಲಿ ‘ವ್ಯಾನ್’ (WAN) ಅಥವಾ ‘ಇಂಟರ್ನೆಟ್’ ಎಂಬ ಭಾಗಕ್ಕೆ ಹೋಗಿ, ಕನೆಕ್ಷನ್ ಟೈಪ್ ಏನಿದೆ ನೋಡಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಇರುತ್ತದೆ.

‘ಡೈನಾಮಿಕ್ ಐಪಿ’ ಅಥವಾ ‘ಡಿಎಚ್‌ಸಿಪಿ’ ಎಂದಿದ್ದರೆ ನಿಮ್ಮ ಕೆಲಸ ಸುಲಭ. ವಿಳಾಸ ತಾನಾಗಿ ಬರುತ್ತದೆ, ಬರೆದಿಡಲು ಹೆಚ್ಚೇನಿಲ್ಲ.

‘ಪಿಪಿಪಿಓಇ’ ಎಂದಿದ್ದರೆ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬೇಕು. ಇಷ್ಟು ದಿನ ರೂಟರ್ ನಿಮ್ಮ ಪರವಾಗಿ ಲಾಗಿನ್ ಆಗುತ್ತಿತ್ತು, ಇನ್ನು ಕಂಪ್ಯೂಟರ್ ಆಗಬೇಕು. ಪಾಸ್‌ವರ್ಡ್ ಚುಕ್ಕೆಗಳಲ್ಲಿ ಮುಚ್ಚಿರುತ್ತದೆ. ಗೊತ್ತಿಲ್ಲದಿದ್ದರೆ ಈಗಲೇ ಕಂಪನಿಯನ್ನು ಕೇಳಿ ಪಡೆದುಕೊಳ್ಳಿ.

‘ಸ್ಟ್ಯಾಟಿಕ್ ಐಪಿ’ ಎಂದಿದ್ದರೆ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಎರಡು ಡಿಎನ್‌ಎಸ್ ವಿಳಾಸ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್‌ಗಳದ್ದು), ಈ ಐದನ್ನೂ ಬರೆದಿಡಿ. ಒಂದು ಅಂಕಿ ತಪ್ಪಿದರೂ ನಡೆಯುವುದಿಲ್ಲ.

ಅದೇ ಪುಟದಲ್ಲಿ ‘ವಿಲ್ಯಾನ್ ಐಡಿ’ ಎಂಬ ಅಂಕಿ ಕಂಡರೆ ಅದನ್ನೂ ಗುರುತು ಹಾಕಿಕೊಳ್ಳಿ. ಕೆಲವು ಫೈಬರ್ ಕನೆಕ್ಷನ್‌ಗಳಲ್ಲಿ ಆ ಅಂಕಿ ಇಲ್ಲದೆ ಕಂಪ್ಯೂಟರ್ ಎಷ್ಟು ಹೊತ್ತು ಕಾದರೂ ಇಂಟರ್ನೆಟ್ ಸಿಗದು. ಇಡೀ ಪುಟದ ಫೋಟೋ ತೆಗೆದುಕೊಂಡುಬಿಡಿ, ಸಲೀಸು.

ಇನ್ನೊಂದು ಮಾತು. ರೂಟರ್ ಹಿಂದಿನ ಸಣ್ಣ ತೂತಿನ ರೀಸೆಟ್ ಬಟನ್ ಒತ್ತಬೇಡಿ. ಅದು ರೀಸ್ಟಾರ್ಟ್ ಅಲ್ಲ, ಒಳಗಿನ ಸೆಟ್ಟಿಂಗ್ ಎಲ್ಲವನ್ನೂ ಅಳಿಸುತ್ತದೆ. ಪಿಪಿಪಿಓಇ ಪಾಸ್‌ವರ್ಡ್ ಅದರ ಜೊತೆಗೇ ಹೋಗುತ್ತದೆ.

ಕೇಬಲ್ ಮತ್ತು ಪೋರ್ಟ್

ಈಥರ್ನೆಟ್ ಕೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಅದರ ದರ್ಜೆ ಅಚ್ಚಾಗಿರುತ್ತದೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಇದ್ದರೆ ಗಿಗಾಬಿಟ್ ವೇಗಕ್ಕೆ ತೊಂದರೆಯಿಲ್ಲ. ಡಿಎಸ್‌ಎಲ್, ಅಂದರೆ ಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ ಲೈನ್‌ನಲ್ಲಿ, ಆ ತಂತಿಯ ಕನೆಕ್ಟರ್ ಚಿಕ್ಕದು, ಈಥರ್ನೆಟ್‌ದು ದೊಡ್ಡದು. ಚಿಕ್ಕದನ್ನು ದೊಡ್ಡ ತೂತಿಗೆ ತುರುಕಬೇಡಿ, ಪಿನ್ ಬಾಗುತ್ತದೆ. ಹಿಂದೆ ಎರಡು ಸಾಧನ ಜೋಡಿಸಲು ‘ಕ್ರಾಸ್‌ಓವರ್’ ಕೇಬಲ್ ಬೇಕಾಗುತ್ತಿತ್ತು. ಈಗಿನ ಸಾಧನಗಳು ಅದನ್ನು ತಾವೇ ಸರಿಮಾಡಿಕೊಳ್ಳುತ್ತವೆ, ಸಾಮಾನ್ಯ ಕೇಬಲ್ ಸಾಕು.

ಲ್ಯಾಪ್‌ಟಾಪ್‌ನಲ್ಲಿ ಈಥರ್ನೆಟ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಬೇಕು. ಅದು ಯುಎಸ್‌ಬಿ 2.0 ಆಗಿದ್ದರೆ 480 ಎಂಬಿಪಿಎಸ್ ದಾಟುವುದು ಸಾಧ್ಯವಿಲ್ಲ, ಕೆಲವು ಹಳೆಯವು 100ಕ್ಕೇ ನಿಲ್ಲುತ್ತವೆ. ಅಂಥದ್ದನ್ನು ಹಾಕಿ ಕಂಪನಿಗೆ ಬೈದರೆ ಪ್ರಯೋಜನವಿಲ್ಲ.

ಫೈಬರ್ ಇದ್ದವರು ಆ ತೆಳ್ಳನೆಯ ಫೈಬರ್ ಎಳೆಯನ್ನು ಮುಟ್ಟಲೇಬೇಡಿ. ಅದರ ತುದಿಗೆ ಧೂಳು ಕೂತರೆ ಸಿಗ್ನಲ್ ಕುಗ್ಗುತ್ತದೆ. ಅದರೊಳಗಿನ ಬೆಳಕು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ತುದಿಯನ್ನು ಇಣುಕಿ ನೋಡುವುದು ಸರಿಯಲ್ಲ. ನೀವು ಬದಲಿಸಬೇಕಾದದ್ದು ಈಥರ್ನೆಟ್ ಕೇಬಲ್ ಒಂದೇ.

ನೇರ ಹಾಕುವ ಮೊದಲು ಬಾಗಿಲು ಭದ್ರ ಮಾಡಿ

ರೂಟರ್ ನಡುವೆ ಇದ್ದಾಗ ಹೊರಗಿನವರಿಗೆ ನಿಮ್ಮ ಕಂಪ್ಯೂಟರ್ ನೇರವಾಗಿ ಕಾಣುವುದಿಲ್ಲ. ಅದನ್ನು ತೆಗೆದರೆ ಕಂಪ್ಯೂಟರ್‌ನದೇ ವಿಳಾಸ ಇಂಟರ್ನೆಟ್‌ಗೆ ತೆರೆದುಕೊಳ್ಳುತ್ತದೆ, ಮತ್ತು ತೆರೆದ ವಿಳಾಸಗಳನ್ನು ತಡಕಾಡುವ ಪ್ರೋಗ್ರಾಮ್‌ಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ಇದು ಸುಮ್ನೆ ಹೆದರಿಸುವ ಮಾತಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ (ತಾನಾಗಿ ಹರಡುವ ಹಾನಿಕಾರಕ ಪ್ರೋಗ್ರಾಮ್) ಹರಡಿದ್ದು ಹೀಗೆಯೇ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಕಂಪ್ಯೂಟರ್ ಇಂಟರ್ನೆಟ್‌ಗೆ ನೇರ ತೆರೆದುಕೊಂಡಿದ್ದರೆ ಸಾಕಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಆಗ ಹೊರಗಿನಿಂದ ಕರೆಯದೇ ಬರುವುದನ್ನು ತಡೆಯುವ ಫೈರ್‌ವಾಲ್ ಇತ್ತು, ಆದರೆ ತಾನಾಗಿ ಆನ್ ಆಗಿರುತ್ತಿರಲಿಲ್ಲ. 2004ರ ಸರ್ವಿಸ್ ಪ್ಯಾಕ್ 2 ಬಂದ ಮೇಲೆ ಅದು ಬದಲಾಯಿತು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಬಂದಾಗ ಅದು ಬಳಸಿದ್ದು ಫೈಲ್ ಶೇರಿಂಗ್‌ನ 445ನೇ ಪೋರ್ಟನ್ನು (ಕೇಬಲ್ ಹಾಕುವ ತೂತಲ್ಲ, ಸಾಫ್ಟ್‌ವೇರ್‌ನ ಬಾಗಿಲ ಸಂಖ್ಯೆ).

ಹಾಗಾಗಿ ಇಷ್ಟು ಮಾಡಿ. ಬಾಕಿ ಇರುವ ಅಪ್‌ಡೇಟ್‌ಗಳನ್ನು ರೂಟರ್ ಇರುವಾಗಲೇ ಹಾಕಿಕೊಳ್ಳಿ. ಫೈರ್‌ವಾಲ್ ಆನ್ ಇದೆಯಾ ನೋಡಿ. ವಿಂಡೋಸ್‌ನಲ್ಲಿ ಈಗ ಅದು ತಾನಾಗಿ ಆನ್ ಇರುತ್ತದೆ, ಆದರೆ ಮ್ಯಾಕ್ ಮತ್ತು ಉಬುಂಟುವಿನಲ್ಲಿ ನೀವೇ ಆನ್ ಮಾಡಬೇಕಾಗಬಹುದು. ಫೈಲ್ ಶೇರಿಂಗ್, ರಿಮೋಟ್ ಡೆಸ್ಕ್‌ಟಾಪ್ ಎರಡನ್ನೂ ಆಫ್ ಮಾಡಿ. ಅಪ್‌ಡೇಟ್ ನಿಂತುಹೋದ ಹಳೆಯ ವಿಂಡೋಸ್ ಇರುವ ಕಂಪ್ಯೂಟರ್ ಆಗಿದ್ದರೆ, ನನ್ನ ಪ್ರಕಾರ ನೇರ ಹಾಕಲೇಬೇಡಿ. ಪರೀಕ್ಷೆಗೆ ಬೇರೆಯವರ ಲ್ಯಾಪ್‌ಟಾಪ್ ಕೇಳಿ ತನ್ನಿ.

ಮನೆಯವರಿಗೂ ಒಂದು ಮಾತು ಹೇಳಿ. ರೂಟರ್ ತೆಗೆದಾಗ ವೈಫೈ ಇರುವುದಿಲ್ಲ. ಟಿವಿ, ಕ್ಯಾಮೆರಾ, ರೂಟರ್‌ಗೆ ಸಿಕ್ಕಿಸಿದ ಲ್ಯಾಂಡ್‌ಲೈನ್ ಫೋನ್ ಎಲ್ಲವೂ ನಿಲ್ಲುತ್ತವೆ. ಯಾರದ್ದೋ ಆನ್‌ಲೈನ್ ಪರೀಕ್ಷೆ ನಡೆಯುವ ಹೊತ್ತಲ್ಲಿ ಇದಕ್ಕೆ ಕೈ ಹಾಕಬೇಡಿ.

ರೂಟರ್‌ನಿಂದ ಮೋಡೆಮ್‌ಗೆ

1. ಕಂಪ್ಯೂಟರ್‌ನ ವೈಫೈ ಆಫ್ ಮಾಡಿ. ಫೋನ್ ಹಾಟ್‌ಸ್ಪಾಟ್‌ಗೆ ಅದು ತಾನಾಗಿ ಸೇರಿಕೊಂಡರೆ ನೀವು ಅಳೆಯುವ ವೇಗ ಮೋಡೆಮ್‌ದಲ್ಲ, ಫೋನಿನದ್ದು.

2. ಕಂಪ್ಯೂಟರ್ ಶಟ್‌ಡೌನ್ ಮಾಡಿ. ರೂಟರ್‌ನ ಪವರ್ ತೆಗೆಯಿರಿ. ಮೋಡೆಮ್‌ನ ಪವರ್ ಕೂಡ ತೆಗೆಯಿರಿ. ಮೋಡೆಮ್‌ನ ಲೈಟ್ ಆರದಿದ್ದರೆ ಒಳಗೆ ಬ್ಯಾಟರಿ ಇದೆ ಎಂದರ್ಥ; ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಅದರ ನೆನಪು ಅಳಿಯುವುದಿಲ್ಲ.

3. ಮೋಡೆಮ್‌ನಿಂದ ರೂಟರ್‌ಗೆ ಬಂದಿರುವ ಕೇಬಲ್ ಹುಡುಕಿ. ರೂಟರ್ ಕಡೆ ಅದು ‘ವ್ಯಾನ್’ ಅಥವಾ ‘ಇಂಟರ್ನೆಟ್’ ಎಂದು ಬರೆದ, ಹೆಚ್ಚಾಗಿ ಬೇರೆ ಬಣ್ಣದ ಪೋರ್ಟ್‌ನಲ್ಲಿ ಇರುತ್ತದೆ. ರೂಟರ್ ಕಡೆಯ ತುದಿಯನ್ನಷ್ಟೇ ಕಿತ್ತು ಕಂಪ್ಯೂಟರ್‌ಗೆ ಹಾಕಿ.

4. ಒಂದೆರಡು ನಿಮಿಷ ಕಾದು ಮೋಡೆಮ್ ಮಾತ್ರ ಆನ್ ಮಾಡಿ. ಲೈನ್ ಅಥವಾ ಆನ್‌ಲೈನ್ ಲೈಟ್ ಮಿಣುಕುವುದು ನಿಂತು ಸ್ಥಿರವಾಗಲಿ. ಕೇಬಲ್ ಮೋಡೆಮ್‌ಗಳಿಗೆ ಕೆಲವು ನಿಮಿಷ ಹಿಡಿಯುತ್ತದೆ, ಅವಸರ ಬೇಡ.

5. ಈಗ ಕಂಪ್ಯೂಟರ್ ಆನ್ ಮಾಡಿ. ವಿಂಡೋಸ್ ಇದನ್ನು ಹೊಸ ನೆಟ್‌ವರ್ಕ್ ಎಂದು ಗುರುತಿಸುತ್ತದೆ. ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಇರಬೇಕು. ‘ಪ್ರೈವೇಟ್’ ಇದ್ದರೆ ಬದಲಿಸಿ. ಮನೆಯಲ್ಲೇ ಇದ್ದೀವಲ್ಲ ಅಂತ ಪ್ರೈವೇಟ್ ಆರಿಸುವವರು ಜಾಸ್ತಿ, ಆದರೆ ಈಗ ತಂತಿಯ ಆ ತುದಿಯಲ್ಲಿ ಇರುವುದು ಮನೆಯಲ್ಲ.

ಎರಡನೇ ಹಂತದಲ್ಲಿ ಮೋಡೆಮ್ ಯಾಕೆ ಆಫ್ ಮಾಡಬೇಕು? ಪ್ರತಿ ನೆಟ್‌ವರ್ಕ್ ಕಾರ್ಡ್‌ಗೂ ಮ್ಯಾಕ್ ಅಡ್ರೆಸ್ ಎಂಬ ಗುರುತು ಇರುತ್ತದೆ (ಮ್ಯಾಕ್ ಕಂಪ್ಯೂಟರ್‌ಗೂ ಇದಕ್ಕೂ ಸಂಬಂಧವಿಲ್ಲ). ಬಹಳಷ್ಟು ಕೇಬಲ್ ಮೋಡೆಮ್‌ಗಳು ಆನ್ ಆದ ಮೇಲೆ ಮೊದಲು ಕಂಡ ಮ್ಯಾಕ್ ಅಡ್ರೆಸ್ಸನ್ನೇ ಹಿಡಿದುಕೊಳ್ಳುತ್ತವೆ. ಬೇರೆ ಸಾಧನ ಬಂದರೆ ಅದಕ್ಕೆ ವಿಳಾಸ ಸಿಗುವುದಿಲ್ಲ. ಮೋಡೆಮ್ ಆನ್ ಇರುವಾಗಲೇ ಕೇಬಲ್ ಬದಲಿಸಿದರೆ ಅದು ಇನ್ನೂ ರೂಟರನ್ನೇ ಕಾಯುತ್ತಾ ಕೂರುತ್ತದೆ.

ಐಪಿ ವಿಳಾಸ ನೋಡಿದರೆ ಎಲ್ಲ ಗೊತ್ತಾಗುತ್ತದೆ

ಬ್ರೌಸರ್ ತೆರೆದು ಪುಟ ಬರುತ್ತಾ ಇಲ್ವಾ ಅಂತ ನೋಡುತ್ತಾ ಕೂರುವ ಬದಲು ಕಂಪ್ಯೂಟರ್‌ಗೆ ಯಾವ ವಿಳಾಸ ಸಿಕ್ಕಿದೆ ನೋಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್ ತೆರೆದರೆ ಐಪಿವಿ4 ಅಡ್ರೆಸ್ ಕಾಣುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿದೆ.

ವಿಳಾಸ 169.254 ಎಂದು ಶುರುವಾದರೆ ಯಾರೂ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ಇಟ್ಟುಕೊಂಡಿದೆ. ಮೋಡೆಮ್ ಹಳೆಯ ರೂಟರನ್ನು ಮರೆತಿಲ್ಲ, ಇಲ್ಲವೇ ಲೈನ್ ಇನ್ನೂ ಎದ್ದಿಲ್ಲ. ಎರಡನೇ ಹಂತದಿಂದ ಮತ್ತೆ ಮಾಡಿ, ಈ ಸಲ ಮೋಡೆಮನ್ನು ಇನ್ನೂ ಹೆಚ್ಚು ಹೊತ್ತು ಆಫ್ ಇಡಿ. ಪಿಪಿಪಿಓಇ ಕನೆಕ್ಷನ್ ಆದರೆ ಮಾತ್ರ ಇದು ಸಹಜ. ಲಾಗಿನ್ ಆಗುವ ತನಕ 169.254 ಕಂಡರೆ ಗಾಬರಿ ಬೇಡ.

192.168 ಅಥವಾ 10 ಎಂದು ಶುರುವಾದರೆ, ಅಥವಾ 172.16ರಿಂದ 172.31ರ ಒಳಗಿದ್ದರೆ, ಅವು ಒಳಗಿನ ಬಳಕೆಗೆಂದು ಮೀಸಲಾದ ವಿಳಾಸಗಳು. ಸಾಮಾನ್ಯವಾಗಿ ಇದರರ್ಥ, ನೀವು ಮೋಡೆಮ್ ಅಂದುಕೊಂಡ ಪೆಟ್ಟಿಗೆ ಒಳಗೆ ರೂಟರ್ ಕೂಡ ಹೌದು. ಒಂದು ಅಪವಾದ ಇದೆ: ಲೈನ್ ಇನ್ನೂ ಸಿಗದಿದ್ದಾಗ ಕೆಲವು ಕೇಬಲ್ ಮೋಡೆಮ್‌ಗಳು ತಾತ್ಕಾಲಿಕವಾಗಿ 192.168.100 ಎಂದು ಶುರುವಾಗುವ ವಿಳಾಸ ಕೊಡುತ್ತವೆ. ಅದು ಕಂಡರೆ ಲೈನ್ ಲೈಟ್ ನೋಡಿ.

100.64ರಿಂದ 100.127ರ ಒಳಗಿದ್ದರೆ ಕಂಪನಿಯೇ ಹಲವು ಗ್ರಾಹಕರನ್ನು ಒಂದು ಹೊರವಿಳಾಸದ ಹಿಂದೆ ಇಟ್ಟಿದೆ. ವೇಗ ಅಳೆಯಲು ಅಡ್ಡಿಯಿಲ್ಲ. ಆದರೆ ಹೊರಗಿನಿಂದ ಮನೆಯ ಕಂಪ್ಯೂಟರ್‌ಗೆ ಬರುವ ಆಸೆಯಿದ್ದರೆ ರೂಟರ್ ತೆಗೆದೂ ಉಪಯೋಗವಿಲ್ಲ.

ಇವು ಯಾವುವೂ ಅಲ್ಲದ ಬೇರೆ ವಿಳಾಸ ಬಂದರೆ ಬಹುತೇಕ ನೀವು ನಿಜವಾಗಿ ನೇರ ಆಗಿದ್ದೀರಿ.

ವಿಳಾಸ ಸರಿಯಿದ್ದೂ ಪುಟ ತೆರೆಯದಿದ್ದರೆ ಡಿಎನ್‌ಎಸ್ ನೋಡಿ. ಯಾವತ್ತೋ ಕೈಯಾರೆ ಡಿಎನ್‌ಎಸ್ ಜಾಗದಲ್ಲಿ ರೂಟರ್‌ನ ವಿಳಾಸ ಹಾಕಿದ್ದರೆ, ಈಗ ಆ ರೂಟರ್ ಇಲ್ಲವಲ್ಲ. ಅದನ್ನು ಆಟೋಮ್ಯಾಟಿಕ್‌ಗೆ ಬದಲಿಸಿ. ಪರೀಕ್ಷೆ ಹೀಗೆ: ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಮಾಡಿ, ಅಂದರೆ ‘ping 8.8.8.8’ ಎಂದು ಟೈಪ್ ಮಾಡಿ. ಅದಕ್ಕೆ ಉತ್ತರ ಬಂದು, ವೆಬ್‌ಸೈಟ್‌ನ ಹೆಸರಿಗೆ ಪಿಂಗ್ ಮಾಡಿದಾಗ ಹೆಸರೇ ಸಿಗಲಿಲ್ಲ ಎಂದರೆ ತೊಂದರೆ ಡಿಎನ್‌ಎಸ್‌ನಲ್ಲೇ ಇದೆ.

ಪಿಪಿಪಿಓಇ ಮತ್ತು ಸ್ಟ್ಯಾಟಿಕ್ ಇದ್ದವರಿಗೆ

ವಿಂಡೋಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒಳಗೆ ‘ಡಯಲ್-ಅಪ್’ ತೆರೆಯಿರಿ. ಹೆಸರು ಹಳೆಯ ಕಾಲದ್ದು, ಆದರೆ ಪಿಪಿಪಿಓಇ ಇರುವುದು ಅಲ್ಲೇ. ‘ಸೆಟಪ್ ಎ ನ್ಯೂ ಕನೆಕ್ಷನ್’, ಆಮೇಲೆ ‘ಕನೆಕ್ಟ್ ಟು ದಿ ಇಂಟರ್ನೆಟ್’, ಆಮೇಲೆ ‘ಬ್ರಾಡ್‌ಬ್ಯಾಂಡ್’. ಬರೆದಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಒತ್ತಿ. ಮ್ಯಾಕ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಹೊಸ ಸರ್ವೀಸ್ ಸೇರಿಸಿ ಪಿಪಿಪಿಓಇ ಆರಿಸಬೇಕು. ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಇದು ‘ಡಿಎಸ್‌ಎಲ್’ ಎಂಬ ಹೆಸರಿನಲ್ಲಿ ಕಾಣುತ್ತದೆ.

ಪಾಸ್‌ವರ್ಡ್ ಸರಿಯಿದ್ದೂ ಲಾಗಿನ್ ಆಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ನೋಡಿ. ರೂಟರ್‌ನ ಹಳೆಯ ಲಾಗಿನ್ ಕಂಪನಿಯ ಕಡೆ ಇನ್ನೂ ಮುಚ್ಚಿರುವುದಿಲ್ಲ, ಒಂದೇ ಹೆಸರಿನಲ್ಲಿ ಎರಡನೆಯದನ್ನು ಅವರು ಬಿಡುವುದಿಲ್ಲ. ರೂಟರ್ ಪುಟದಲ್ಲಿ ಡಿಸ್‌ಕನೆಕ್ಟ್ ಬಟನ್ ಇದ್ದರೆ ಬಿಚ್ಚುವ ಮೊದಲು ಅದನ್ನು ಒತ್ತಿದರೆ ಈ ಕಾಯುವಿಕೆ ತಪ್ಪುತ್ತದೆ.

ಸ್ಟ್ಯಾಟಿಕ್ ಇದ್ದವರು ಈಥರ್ನೆಟ್‌ನ ಐಪಿ ಅಸೈನ್‌ಮೆಂಟ್‌ನಲ್ಲಿ ‘ಮ್ಯಾನ್ಯುಯಲ್’ ಆರಿಸಿ ಐದೂ ಅಂಕಿಗಳನ್ನು ತುಂಬಬೇಕು. ಪದೇ ಪದೇ ಬದಲಿಸುವವರಿಗೆ ಮ್ಯಾಕ್‌ನ ‘ಲೊಕೇಶನ್ಸ್’ ತುಂಬಾ ಚೆನ್ನಾಗಿದೆ. ‘ರೂಟರ್’ ಎಂದು ಒಂದು, ‘ನೇರ’ ಎಂದು ಒಂದು ಮಾಡಿಟ್ಟರೆ ಒಂದು ಕ್ಲಿಕ್ಕಿನಲ್ಲಿ ಸೆಟ್ಟಿಂಗ್ ಪೂರ್ತಿ ಬದಲಾಗುತ್ತದೆ. ಲಿನಕ್ಸ್‌ನಲ್ಲೂ ಎರಡು ಪ್ರೊಫೈಲ್ ಇಟ್ಟುಕೊಳ್ಳಬಹುದು. ವಿಂಡೋಸ್‌ನಲ್ಲಿ ಇಷ್ಟು ಅಚ್ಚುಕಟ್ಟಾದ ದಾರಿಯಿಲ್ಲ.

ವೇಗವನ್ನು ಮೂರು ಸಲ ಅಳೆಯಿರಿ

ನೇರ ಹಾಕಿ ಒಂದೇ ಸಲ ಅಳೆದರೆ ಅದರಿಂದ ಏನೂ ಹೇಳಲಾಗದು. ಅದೇ ಕಂಪ್ಯೂಟರ್, ಅದೇ ಟೆಸ್ಟ್ ಸೈಟ್, ಹತ್ತಿರ ಹತ್ತಿರದ ಸಮಯ. ಮೊದಲು ವೈಫೈನಲ್ಲಿ, ಆಮೇಲೆ ರೂಟರ್‌ನ ಲ್ಯಾನ್ ಪೋರ್ಟ್‌ಗೆ ತಂತಿ ಹಾಕಿ, ಕೊನೆಗೆ ನೇರ ಮೋಡೆಮ್‌ಗೆ. ಮೊದಲನೆಯದು ಮಾತ್ರ ಕಡಿಮೆ ಬಂದರೆ ತೊಂದರೆ ವೈಫೈನದ್ದು, ರೂಟರ್ ಇರುವ ಜಾಗ ಬದಲಿಸಿದರೂ ಸರಿಹೋಗಬಹುದು. ಮೊದಲ ಎರಡೂ ಕಡಿಮೆ, ಮೂರನೆಯದು ಚೆನ್ನಾಗಿದ್ದರೆ ರೂಟರ್‌ಗೆ ಅಷ್ಟು ವೇಗ ತಡೆದುಕೊಳ್ಳುವ ಶಕ್ತಿಯಿಲ್ಲ. ಮೂರೂ ಕಡಿಮೆ ಇದ್ದರೆ ಕಂಪನಿಗೆ ಧೈರ್ಯವಾಗಿ ಫೋನ್ ಮಾಡಿ, ಮೂರೂ ಅಂಕಿಗಳನ್ನು ಹೇಳಿ.

ತಂತಿಯಲ್ಲಿ ಅಳೆದಾಗ 94, 95 ಎಂಬಿಪಿಎಸ್ ಹತ್ತಿರ ಬಂದು ಗಟ್ಟಿಯಾಗಿ ನಿಂತುಬಿಟ್ಟರೆ ಲೈನನ್ನು ಬೈಯುವ ಮೊದಲು ಕೇಬಲ್ ಬದಲಿಸಿ. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಒಂದು ತಂತಿ ಮುರಿದರೆ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ಇನ್ನು ಗಿಗಾಬಿಟ್ ಪೋರ್ಟ್‌ನಲ್ಲಿ 940ರ ಆಸುಪಾಸು ಬಂದರೆ ಅದು ಪೂರ್ತಿ ವೇಗವೇ. ಉಳಿದದ್ದು ಪ್ಯಾಕೆಟ್‌ಗಳ (ಡೇಟಾ ತುಣುಕುಗಳ) ಹೊದಿಕೆಗೆ, ಅಂದರೆ ಪ್ರತಿ ತುಣುಕಿನ ಮೇಲಿನ ವಿಳಾಸದಂಥ ಮಾಹಿತಿಗೆ ಹೋಗುತ್ತದೆ.

ಅಳೆದು ಮುಗಿದ ಮೇಲೆ ನೇರ ಕನೆಕ್ಷನ್ನಿನಲ್ಲೇ ಉಳಿಯಬೇಡಿ. ಮೋಡೆಮ್‌ಗೆ ಸುಮ್ಮನೆ ಒಂದು ನೆಟ್‌ವರ್ಕ್ ಸ್ವಿಚ್ (ಒಂದು ಪೋರ್ಟನ್ನು ಹಲವಾಗಿ ಮಾಡುವ ಪೆಟ್ಟಿಗೆ) ಹಾಕಿ ಎರಡು ಕಂಪ್ಯೂಟರ್ ಜೋಡಿಸೋಣ ಅನ್ನುವ ಯೋಚನೆಯೂ ನಡೆಯದು. ಹೆಚ್ಚಿನ ಕಂಪನಿಗಳು ಮನೆಗೆ ಒಂದೇ ವಿಳಾಸ ಕೊಡುತ್ತವೆ, ಎರಡನೆಯದು ಸುಮ್ನೆ ಕೂರುತ್ತದೆ.

ಮತ್ತೆ ರೂಟರ್‌ಗೆ

ಈಗ ಮೋಡೆಮ್ ನೆನಪಿಟ್ಟುಕೊಂಡಿರುವುದು ಕಂಪ್ಯೂಟರನ್ನು. ಆದ್ದರಿಂದ ಮತ್ತೆ ಅದೇ ಕ್ರಮ. ಪಿಪಿಪಿಓಇ ಇದ್ದರೆ ಕಂಪ್ಯೂಟರ್‌ನಲ್ಲಿ ಡಿಸ್‌ಕನೆಕ್ಟ್ ಒತ್ತಿ. ಸ್ಟ್ಯಾಟಿಕ್ ಅಂಕಿ ಹಾಕಿದ್ದರೆ ಆಟೋಮ್ಯಾಟಿಕ್‌ಗೆ ಮರಳಿಸಿ. ಮೋಡೆಮ್ ಆಫ್ ಮಾಡಿ, ಅದರ ಕೇಬಲ್ಲನ್ನು ರೂಟರ್‌ನ ವ್ಯಾನ್ ಪೋರ್ಟ್‌ಗೆ ಹಾಕಿ, ಕಂಪ್ಯೂಟರನ್ನು ಲ್ಯಾನ್ ಪೋರ್ಟ್‌ಗೆ ಹಾಕಿ. ಇವೆರಡು ಅದಲು ಬದಲಾದರೆ ಎಷ್ಟು ರೀಸ್ಟಾರ್ಟ್ ಮಾಡಿದರೂ ಬರುವುದಿಲ್ಲ. ಮೊದಲು ಮೋಡೆಮ್ ಆನ್ ಮಾಡಿ, ಲೈಟ್ ಸ್ಥಿರವಾದ ಮೇಲೆ ರೂಟರ್, ಅದು ಎದ್ದ ಮೇಲೆ ಕಂಪ್ಯೂಟರ್. ಬ್ರಿಡ್ಜ್ ಮೋಡ್ ಹಾಕಿದ್ದವರು, ಬೇರೆ ರೂಟರ್ ಇಲ್ಲದಿದ್ದರೆ, ಅದನ್ನು ಆಫ್ ಮಾಡಬೇಕು.

ಎಲ್ಲ ಆಫ್ ಮಾಡಿ ಆನ್ ಮಾಡಿದರೂ ರೂಟರ್‌ಗೆ ವಿಳಾಸ ಸಿಗದಿದ್ದರೆ ಕಂಪನಿಯ ಸರ್ವರ್‌ನಲ್ಲೇ ಕಂಪ್ಯೂಟರ್‌ನ ಮ್ಯಾಕ್ ಅಡ್ರೆಸ್ ದಾಖಲಾಗಿರಬಹುದು. ಅವರಿಗೆ ಹೇಳಿ ತೆಗೆಸಬಹುದು. ಇಲ್ಲವೇ ರೂಟರ್‌ನ ವ್ಯಾನ್ ಪುಟದಲ್ಲಿ ‘ಮ್ಯಾಕ್ ಕ್ಲೋನ್’ ಇದ್ದರೆ ಅದನ್ನು ಬಳಸಿ. ಆಗ ರೂಟರ್ ಕಂಪ್ಯೂಟರ್‌ನ ಗುರುತನ್ನೇ ಹೊರಗೆ ತೋರಿಸುತ್ತದೆ. ಆಗಾಗ ಬದಲಿಸುವವರಿಗೆ ಇದು ಕಾಯಂ ಉಪಾಯವಾಗಿಯೂ ಒಳ್ಳೆಯದೇ.

ಕಂಪ್ಯೂಟರ್ ಮಾತ್ರ ಹಳೆಯ ಹೊರವಿಳಾಸ ಬಿಡದೆ ಕೂತರೆ ರೀಸ್ಟಾರ್ಟ್ ಸಾಕು. ರೀಸ್ಟಾರ್ಟ್ ಮಾಡಲು ಮನಸ್ಸಿಲ್ಲದಿದ್ದರೆ ವಿಂಡೋಸ್‌ನ ಐಪಿಕಾನ್ಫಿಗ್ ಕಮಾಂಡನ್ನು ಮೊದಲು ಸ್ಲ್ಯಾಷ್ ರಿಲೀಸ್ ಜೊತೆ (ipconfig /release), ಆಮೇಲೆ ಸ್ಲ್ಯಾಷ್ ರಿನ್ಯೂ ಜೊತೆ (ipconfig /renew) ಓಡಿಸಿ. ವಿಳಾಸ 192.168 ಎಂದೋ 10 ಎಂದೋ ಶುರುವಾದರೆ ನೀವು ರೂಟರ್‌ನ ಹಿಂದೆ ಬಂದಾಯಿತು.

ಆಮೇಲೆ ಆಫ್ ಮಾಡಿದ್ದ ವೈಫೈ ಆನ್ ಮಾಡಿ, ಫೈಲ್ ಶೇರಿಂಗ್ ಬೇಕಿದ್ದರೆ ಅದನ್ನೂ. ಪ್ರಿಂಟರ್ ಕಾಣುತ್ತಿಲ್ಲ ಅಂದರೆ ನೆಟ್‌ವರ್ಕ್ ಪ್ರೊಫೈಲ್ ಇನ್ನೂ ಪಬ್ಲಿಕ್‌ನಲ್ಲೇ ಇರಬಹುದು, ಈಗ ಅದನ್ನು ಪ್ರೈವೇಟ್ ಮಾಡಿದರೆ ತೊಂದರೆಯಿಲ್ಲ.